ರಕ್ತ ಸರಿ ಇದೆ, ಬೆನ್ನು?

"ರಕ್ತದಲ್ಲಿ ಏನೂ ಇಲ್ವಂತೆ." ಕ್ಯಾನ್ಸರ್ ಬಂದು ಹೋದವರ ಬಾಯಲ್ಲಿ ಈ ಮಾತು ಮತ್ತೆ ಮತ್ತೆ ಕೇಳುತ್ತೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಬದಿಯಡ್ಕ ಕಡೆಯ ನಿವೃತ್ತ ಟೀಚರ್. ನಾಲ್ಕು ವರ್ಷದ ಹಿಂದೆ ಸ್ತನ ಕ್ಯಾನ್ಸರಿನ ಆಪರೇಷನ್ ಆಗಿತ್ತು. ಮೂಳೆಗೆ ಹರಡೀತೆಂಬ ಹೆದರಿಕೆಯಿಂದ ತಿಂಗಳಿಗೊಮ್ಮೆ ತಾವಾಗಿಯೇ ಎಎಲ್‌ಪಿ ಎಂಬ ರಕ್ತಪರೀಕ್ಷೆ ಮಾಡಿಸುತ್ತಿದ್ದರು. ಮುಖ್ಯವಾಗಿ ಲಿವರ್ ಮತ್ತು ಮೂಳೆಯಿಂದ ರಕ್ತಕ್ಕೆ ಬರುವ ಒಂದು ಕಿಣ್ವದ ಅಳತೆ ಅದು. ಒಮ್ಮೆ ಕುಂಬಳೆಯಲ್ಲಿ, ಒಮ್ಮೆ ಕಾಸರಗೋಡಿನಲ್ಲಿ, ಮಂಗಳೂರಿಗೆ ಹೋದರೆ ಅಲ್ಲಿ.

ಮೂರನೇ ಸಲ ನನ್ನನ್ನು ಕಾಣಲು ಬಂದಾಗ ಹಳೇ ಹಾಜರಿ ಪುಸ್ತಕ ತಂದರು. ಕೆಂಪು ಶಾಯಿಯ ಗೆರೆಗಳ ನಡುವೆ ಎಎಲ್‌ಪಿ ಸಂಖ್ಯೆಗಳು. ಆಗಸ್ಟಿನ 168ಕ್ಕೆ ಎರಡು ಸುತ್ತು.

"ಆ ತಿಂಗಳು ಪೂರ್ತಿ ನಿದ್ದೆಯಿಲ್ಲ."

"ಜುಲೈಯಲ್ಲಿ ಏನಾದ್ರೂ ಆಗಿತ್ತಾ ಟೀಚರ್?"

"ಅಂಗಳದ ಪಾಚಿಗೆ ಜಾರಿ ಕೈ ಮುರಿದಿತ್ತು."

ಮುರಿದ ಮೂಳೆ ಕೂಡುವಾಗಲೂ ಎಎಲ್‌ಪಿ ಏರುತ್ತದೆ. ಲಿವರ್ ತೊಂದರೆ, ಪಿತ್ತನಾಳದ ಕಲ್ಲು, ವಿಟಮಿನ್ ಡಿ ತೀರಾ ಕಡಿಮೆಯಾಗಿ ಮೂಳೆ ಮೆತ್ತಗಾಗುವುದು, ಇವೂ ಏರಿಸುತ್ತವೆ. ಲ್ಯಾಬ್ ಬದಲಾದರೂ ಸಂಖ್ಯೆ ಒಂದಷ್ಟು ಹೆಚ್ಚುಕಡಿಮೆ ಆಗುತ್ತದೆ. ಇಷ್ಟು ಹೇಳಿದ ಮೇಲೆ ಅವರ ಮುಖ ಸಡಿಲವಾಯಿತು.

"ಈಗ 92. ಅದಕ್ಕೇ ಬೆನ್ನುನೋವಿನ ವಿಷಯ ಡಾಕ್ಟರಿಗೆ ಹೇಳ್ಲಿಲ್ಲ," ಎಂದು ಏಳಲು ಹೊರಟರು.

ನನ್ನ ಎದೆ ಧಸಕ್ಕೆಂದಿತು. "ಕೂತ್ಕೊಳ್ಳಿ ಟೀಚರ್. ಎಷ್ಟು ದಿನದಿಂದ?"

"ಆರು ವಾರ. ರಾತ್ರಿ ಮಲಗಿದ್ರೆ ಜಾಸ್ತಿ."

ಮೂಳೆಯ ಎಎಲ್‌ಪಿ ಬರುವುದು ಮೂಳೆ ಕಟ್ಟುವ ಜೀವಕೋಶಗಳಿಂದ. ಕ್ಯಾನ್ಸರ್ ಮೂಳೆಯನ್ನು ಕಟ್ಟಿಸದೆ ಬರೀ ಕರಗಿಸುತ್ತಿದ್ದರೆ ಸಂಖ್ಯೆ ಏರದೆಯೂ ಇರಬಹುದು. ಸ್ತನ ಕ್ಯಾನ್ಸರಿನವರಿಗೆ ಮಾಡಿಸುವ ಸಿಎ 15-3 ಎಂಬ ರಕ್ತಪರೀಕ್ಷೆಯೂ ಹಾಗೆಯೇ, ನಾರ್ಮಲ್ ಬಂದ ಮಾತ್ರಕ್ಕೆ ಹರಡಿಲ್ಲ ಎನ್ನುವಂತಿಲ್ಲ. ಹೋಗದ ನೋವಿಗೆ ಉತ್ತರ ಬೇಕಾದರೆ ಡಾಕ್ಟರ್ ನೋಡಬೇಕು, ಬೇಕಿದ್ದರೆ ಸ್ಕ್ಯಾನ್ ಮಾಡಿಸಬೇಕು.

ಈ ವಾರವೇ ಕ್ಯಾನ್ಸರ್ ಡಾಕ್ಟರನ್ನು ಕಾಣಿ ಎಂದೆ. ಕಾಲಿಗೆ ಬಲ ಇಲ್ಲದಂತಾದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ವಾರ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ ಎಂದೆ.

ಅವರನ್ನು ಸುಮ್ನೆ ಹೆದರಿಸಿದಿರಿ ಎಂದು ಮನೆಯವರು ಆಮೇಲೆ ಬೇಸರ ಮಾಡಿಕೊಂಡರು. ಸಮಾಧಾನ ಹೇಳುವುದು ನನ್ನ ಕೆಲಸ, ನಿಜ. ಆದರೆ ನೋವನ್ನು ಮುಚ್ಚಿಡಿಸುವ ಸಮಾಧಾನ ನಾನು ಕೊಡಲಾರೆ. ಈ ನೋವು ಬೇರೆ ಕಾರಣಕ್ಕೂ ಇರಬಹುದು ಎಂದು ಅವರಿಗೆ ಹೇಳಿಯೇ ಕಳಿಸಿದ್ದೆ.

ಡಾಕ್ಟರ್ ಹೇಳದೆ ಇನ್ನು ಎಎಲ್‌ಪಿ ಬೇಡ, ಈ ಪುಸ್ತಕದಲ್ಲಿ ನೋವು ಬರೆಯಿರಿ ಎಂದಿದ್ದೆ. ಎಲ್ಲಿ, ಎಷ್ಟು ಹೊತ್ತಿಗೆ, ಮಗ್ಗುಲು ಬದಲಿಸಿದರೆ ಕಡಿಮೆಯಾಗುತ್ತದಾ. ಟೀಚರ್ ಹಾಳೆ ತಿರುವಿ ಅಲ್ಲೇ ಗೆರೆ ಎಳೆದರು. ಆಮೇಲೆ ಮೆಲ್ಲಗೆ ಕೇಳಿದರು, "ಡಾಕ್ಟರಿಗೆ ಪುಸ್ತಕ ಕೊಟ್ರೆ ಸಾಕಲ್ವಾ?"

"ಕೊಡಿ. ಆದ್ರೆ ನೋವಿದೆ ಅಂತ ಬಾಯಿಬಿಟ್ಟು ನೀವೇ ಹೇಳ್ಬೇಕು."