ಅಯೋಡಿನ್ ಇಲ್ಲದೆ ಇಂಡೋಲ್ ಉಂಗುರ ಕಟ್ಟುವುದು ಹೇಗೆ?

ಬಳ್ಳಾರಿಯಲ್ಲಿ ಎಂ.ಎಸ್ಸಿ. ಓದುವ ನಿಮ್ಮ ಪ್ರಶ್ನೆ: ಇಂಡೋಲ್ (ಬೆಂಜೀನ್ ಉಂಗುರಕ್ಕೆ ನೈಟ್ರೋಜನ್ ಇರುವ ಐದರ ಉಂಗುರ ಅಂಟಿದ ಅಣು) ಮಾಡಲು ಅಸೆಟನಿಲೈಡ್‌ನಿಂದ (ಬೆಂಜೀನ್ ಉಂಗುರಕ್ಕೆ ಅಮೈಡ್ ಗುಂಪು ಅಂಟಿದ ಅಣು) ಹೊರಟರೆ, ಅದರ ಉಂಗುರದಲ್ಲಿ 5 ಕಾರ್ಬನ್–ಹೈಡ್ರೋಜನ್ ಬಂಧಗಳಿವೆ, ವೇಗವರ್ಧಕವಾದ ರೋಡಿಯಂ ಲೋಹಕ್ಕೆ ಸರಿಯಾದದ್ದೇ ಹೇಗೆ ಸಿಗುತ್ತದೆ?

ದಾರಿ ತೋರಿಸುವುದು ಅಮೈಡ್ ಗುಂಪು. ಅದರ ಆಕ್ಸಿಜನ್ ಮೊದಲು ರೋಡಿಯಂ ಅನ್ನು ಹಿಡಿದುಕೊಳ್ಳುತ್ತದೆ. ಆಗ ಲೋಹದ ಕೈಗೆ ಎಟುಕುವುದು ಆರ್ಥೊ ಹೈಡ್ರೋಜನ್, ಅಂದರೆ ಉಂಗುರದಲ್ಲಿ ಅಮೈಡ್‌ನ ಪಕ್ಕದ ಕಾರ್ಬನ್ನಿನ ಮೇಲಿರುವುದು. ಅಸಿಟೇಟ್ ಅದನ್ನು ಪ್ರೋಟಾನ್ ಆಗಿ ಎಳೆದುಕೊಳ್ಳುತ್ತದೆ, ಕಾರ್ಬನ್–ರೋಡಿಯಂ ಬಂಧ ಆಗುತ್ತದೆ. ಆ ಬಂಧದ ನಡುವೆ ಆಲ್ಕೈನ್ (ಎರಡು ಕಾರ್ಬನ್‌ಗಳ ನಡುವೆ ಮೂರು ಬಂಧವಿರುವ ಅಣು) ತೂರಿಕೊಳ್ಳುತ್ತದೆ. ಕೊನೆಗೆ ಅಮೈಡ್‌ನ ನೈಟ್ರೋಜನ್, ಈಗ ರೋಡಿಯಂ ಹಿಡಿದಿರುವ ಆಲ್ಕೈನ್‌ನ ಕಾರ್ಬನ್ನಿಗೆ ಅಂಟಿದರೆ ಇಂಡೋಲ್ ರೆಡಿ. 2008ರಲ್ಲಿ ಕೀತ್ ಫಾನ್ಯೂ ತಂಡ ತೋರಿಸಿದ ದಾರಿ ಇದು. ಹಳೆಯ ಲಾರಾಕ್ ವಿಧಾನದಲ್ಲಿ ಆರ್ಥೊ ಜಾಗದಲ್ಲಿ ಮೊದಲೇ ಅಯೋಡಿನ್ ಕೂರಿಸಿರಬೇಕಿತ್ತು.

ಇದೇನು ಪುಕ್ಕಟೆ ಅಲ್ಲ. ಉಂಗುರ ಮುಚ್ಚುವಾಗ ರೋಡಿಯಂ +3ರಿಂದ +1ಕ್ಕೆ ಇಳಿಯುತ್ತದೆ. ವಾಪಸ್ ಏರಿಸಲು ತಾಮ್ರದ ಅಸಿಟೇಟ್ ಬೇಕು, ಅದೂ ಎರಡು ಈಕ್ವಿವಲೆಂಟ್‌ಗಿಂತ ಜಾಸ್ತಿ, ಅಂದರೆ ಒಂದು ಅಸೆಟನಿಲೈಡ್ ಅಣುವಿಗೆ ಎರಡಕ್ಕಿಂತ ಹೆಚ್ಚು. ಹಾಗಾಗಿ ಪರೀಕ್ಷೆಯಲ್ಲಿ ಸುಮ್ನೆ "ಹಸಿರು ಕೆಮಿಸ್ಟ್ರಿ" ಎಂದು ಬರೆಯಬೇಡಿ. 2010ರಲ್ಲಿ ಅದೇ ತಂಡ ತಾಮ್ರವನ್ನು ಕಡಿಮೆ ಮಾಡಿ ಆಕ್ಸಿಜನ್ ಬಳಸಿತು, ಅದನ್ನು ಬರೆಯಿರಿ.

ನಿಮ್ಮೂರಿನ ಜೀನ್ಸ್ ಬಟ್ಟೆಯ ಇಂಡಿಗೊ ಕೂಡ ಇಂಡೋಲ್ ವಂಶದ್ದೇ, ಅಲ್ವಾ? ಆದರೆ ಅದನ್ನು ಅನಿಲೀನ್‌ನಿಂದ ಅಗ್ಗವಾಗಿ ಮಾಡುತ್ತಾರೆ. ರೋಡಿಯಂ ಹಾಕಿದರೆ ಪ್ಯಾಂಟಿನ ರೇಟು ಕೇಳುವ ಹಾಗಿರುವುದಿಲ್ಲ!

ಇಂಡೋಲ್‌ಗೆ ಇನ್ನೊಂದು ಬೆಂಜೀನ್ ಉಂಗುರ ಸೇರಿದಂತಿರುವ ಕಾರ್ಬಜೋಲ್ ಬೇಕಿದ್ದರೆ ಪಲ್ಲಾಡಿಯಂ ಸಾಕು. ಬುಕ್‌ವಾಲ್ಡ್ ತಂಡದ 2005ರ ವಿಧಾನ ನೋಡಿ: ಅಸೆಟಮೈಡ್ ಇರುವ ಬೈಫಿನೈಲ್ (ಎರಡು ಬೆಂಜೀನ್ ಉಂಗುರ ಜೋಡಿಸಿದ ಅಣು), ಟಾಲ್ಯೂಯೀನ್, ತಾಮ್ರದ ಅಸಿಟೇಟ್, ಆಕ್ಸಿಜನ್, 120 ಡಿಗ್ರಿ ಸೆಲ್ಸಿಯಸ್.