ಬೆಲ್ಲದ ಹಿಂದಿನ ಹಗ್ಗ

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ವಿಜಯಪುರದಲ್ಲಿ ಟಾಂಗಾಕ್ಕೆ ಕಟ್ಟುತ್ತಿದ್ದ ಒಂದು ಹೆಣ್ಣು ಕುದುರೆಯನ್ನು, ಬಾಡಿಗೆ ಸಿಗದಾದಾಗ, ಮಾಲೀಕ ಬೀದಿಗೆ ಬಿಟ್ಟಿದ್ದ. ಹೆದ್ದಾರಿ ಪಕ್ಕ ಕಾಲಿಗೆ ಗಾಯವಾಗಿ ನಿಂತಿತ್ತು. ಇವರು ನಾಲ್ಕು ಜನ ಸೇರಿ ಹಗ್ಗ ಹಾಕಿ ತೋಟಕ್ಕೆ ತಂದರು. ಕಟ್ಟಿ ಹಾಕಿ ಔಷಧ ಹಚ್ಚಿದರು. ಗಾಯ ಮಾಯಿತು, ಮೈ ತುಂಬಿತು. ಆದರೆ ನಾಲ್ಕು ತಿಂಗಳಾದರೂ ಮತ್ತೆ ಹಗ್ಗ ಹಾಕಿಸಿಕೊಂಡಿಲ್ಲ. "ಒಂದು ಕೈಯಾಗಿನ ಬೆಲ್ಲ ತಿಂತೈತಿ. ಇನ್ನೊಂದು ಕೈ ಎತ್ತಿದ ಕೂಡಲೆ ಹಿಂದಕ್ಕ ಜಿಗೀತೈತಿ. ಹೊಡದರ ಬಗ್ಗತೈತಿ ಅಂತಾರ ನಮ್ಮ ಕಾಕಾ. ನನಗ ಮನಸ್ಸಿಲ್ಲ. ಇನ್ನ ಎಷ್ಟು ದಿನ ಕಾಯಬೇಕ್ರಿ?" ಇದು ಅವರ ಪ್ರಶ್ನೆ.

ಪತ್ರದ ಕೊನೆಗೆ ಒಂದು ಸಾಲು ಸುಮ್ನೆ ಬಂದು ಹೋಗಿದೆ. ಅವರ ಅವ್ವ ಅಂಗಳದಲ್ಲಿ ಜೋಳ ಹಸನು ಮಾಡಲು ಕೂತರೆ ಕುದುರೆ ತಾನಾಗಿ ಬಂದು ಪಕ್ಕದಲ್ಲಿ ನಿಲ್ಲುತ್ತದಂತೆ. ಅದಕ್ಕೆ ಆಮೇಲೆ ಬರುತ್ತೇನೆ.

ಸರ್, ಮೊದಲು ನಿಮ್ಮ ಕಾಕಾ ಅವರ ಮಾತು. ಹೊಡೆದರೆ ಕುದುರೆ ಬಗ್ಗುತ್ತದೆ, ಸುಳ್ಳಲ್ಲ. ಟಾಂಗಾದಲ್ಲಿ ಅದು ಬಗ್ಗಿಯೇ ಇತ್ತು. ಬಗ್ಗಿದ ಕುದುರೆಯಷ್ಟೇ ಸಾಕಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ ಅಲ್ವಾ?

ಕುದುರೆಯ ಕಣ್ಣು ತಲೆಯ ಎರಡು ಪಕ್ಕಕ್ಕಿವೆ. ಹಣೆಯ ನೇರಕ್ಕೆ ಮುಂದೆ ಸ್ವಲ್ಪ, ಬಾಲದ ಹಿಂದೆ ಸ್ವಲ್ಪ ಜಾಗ ಬಿಟ್ಟರೆ ಸುತ್ತಲಿನದೆಲ್ಲ ಕಾಣುತ್ತದೆ. 360 ಡಿಗ್ರಿಯಲ್ಲಿ ಹತ್ತಿರ ಹತ್ತಿರ 350. ಟಾಂಗಾ ಕುದುರೆಗೆ ಕಣ್ಣಿನ ಪಕ್ಕ ಪಟ್ಟಿ ಕಟ್ಟುತ್ತಾರೆ, ಗದ್ದಲಕ್ಕೆ ಬೆದರದಿರಲಿ ಎಂದು. ಹಾಗಾಗಿ ಚಾಬೂಕಿನ ಏಟು ಅದಕ್ಕೆ ಕಾಣದ ಕಡೆಯಿಂದಲೇ ಬೀಳುತ್ತದೆ. ನಿಮ್ಮ ಕುದುರೆ ಅಂಥ ಏಟು ಎಷ್ಟು ತಿಂದಿದೆಯೋ. ಈಗ ಪಟ್ಟಿ ಇಲ್ಲ, ಎತ್ತಿದ ಕೈ ಕಾಣುತ್ತದೆ. ಅದು ನಿಮ್ಮ ಕೈ ಎಂದು ಅದಕ್ಕೆ ಗೊತ್ತಿಲ್ಲ. ಗೊತ್ತಿದ್ದರೂ, ಕಟ್ಟಿ ಹಾಕಿ ಉರಿಯುವ ಔಷಧ ಹಚ್ಚಿದ್ದು ಅದೇ ಕೈ. ತಪ್ಪು ಎನ್ನುತ್ತಿಲ್ಲ, ಆಗ ಬೇರೆ ದಾರಿ ಇರಲಿಲ್ಲ. ಆದರೆ ಲೆಕ್ಕದಲ್ಲಿ ಅದೂ ಸೇರಿದೆ.

ಇನ್ನು ಬೆಲ್ಲ. ಇದರಲ್ಲಿ ನನಗೂ ಅನುಭವವಿದೆ, ಹೆಮ್ಮೆಯದಲ್ಲ. ಚಿಕ್ಕವನಿದ್ದಾಗ ನಮ್ಮೂರಿನ ಹೊಲಗಳಿಗೆ ಕುರಿಗಾರರು ಬಂದು ಇಳಿಯುತ್ತಿದ್ದರು. ಅವರ ತಟ್ಟುಗಳ (ಗಿಡ್ಡ ಕುದುರೆಗಳ) ಮೇಲೆ ಕಂಬಳಿ, ಪಾತ್ರೆ, ಆಗಷ್ಟೇ ಹುಟ್ಟಿದ ಕುರಿಮರಿ. ಒಂದು ತಟ್ಟಿನ ಮೇಲೆ ಕೂರುವ ಆಸೆ ನನಗೆ. ಮುಂದಿನ ಕೈಯಲ್ಲಿ ಬೆಲ್ಲ, ಬೆನ್ನ ಹಿಂದೆ ಹಗ್ಗ ಹಿಡಿದು ಹೋದೆ. ಮೊದಲ ದಿನ ಬಂತು, ಹಗ್ಗ ಹಾಕಿದೆ. ಎರಡನೇ ದಿನ ಬೆಲ್ಲ ಕಂಡ ಕೂಡಲೇ ಕಿವಿ ಹಿಂದಕ್ಕೆ ಮಲಗಿಸಿ ತೊಡೆಗೆ ಬಾಯಿ ಹಾಕಿತು. ಗುರುತು ಈಗಲೂ ಇದೆ. ಕುರಿಗಾರ ಅಜ್ಜ ನಕ್ಕಿದ್ದು ಇನ್ನೂ ನೆನಪಿದೆ: "ತಮ್ಮಾ, ನಿನ್ನ ಬೆನ್ನ ಹಿಂದಿಂದೂ ಅದಕ್ಕ ಕಾಣ್ತೈತಿ."

ನೀವು ಮಾಡುತ್ತಿರುವುದೂ ಅದೇ, ಸರ್. ಬೆಲ್ಲ ಬಂದರೆ ಹಿಂದೆಯೇ ಹಗ್ಗ ಬರುತ್ತದೆ ಎಂದು ನಾಲ್ಕು ತಿಂಗಳಿಂದ ದಿನವೂ ಪಾಠ ಹೇಳಿದ್ದೀರಿ. ಕುದುರೆ ಚೆನ್ನಾಗಿ ಕಲಿತಿದೆ.

ಹಗ್ಗ ಬಚ್ಚಿಟ್ಟರೂ ಪ್ರಯೋಜನವಿಲ್ಲ. ಬರ್ಲಿನ್‌ನಲ್ಲಿ ನೂರು ವರ್ಷದ ಹಿಂದೆ ಹಾನ್ಸ್ ಎಂಬ ಕುದುರೆ ಇತ್ತು. ಲೆಕ್ಕ ಕೇಳಿದರೆ ಗೊರಸಿನಿಂದ ನೆಲ ತಟ್ಟಿ ಉತ್ತರ ಹೇಳುತ್ತಿತ್ತು. ಜನ ಮುಗಿಬಿದ್ದರು. ಆಸ್ಕರ್ ಫಂಗ್ಸ್ಟ್ ಎಂಬುವರು ಪರೀಕ್ಷೆ ಮಾಡಿ 1907ರಲ್ಲಿ ಗುಟ್ಟು ಬಿಚ್ಚಿಟ್ಟರು. ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆಗೆ ಬಂದಾಗ ಕೇಳಿದವನ ತಲೆ ಅವನಿಗೇ ತಿಳಿಯದಂತೆ ಎಳ್ಳಷ್ಟು ಅಲುಗುತ್ತಿತ್ತು. ಕುದುರೆ ಅದನ್ನು ನೋಡಿ ತಟ್ಟುವುದನ್ನು ನಿಲ್ಲಿಸುತ್ತಿತ್ತು. ಲೆಕ್ಕ ಬಾರದಿದ್ದರೇನು, ಮನುಷ್ಯನನ್ನು ಓದಲು ಬರುತ್ತಿತ್ತು. "ಇವತ್ತು ಹಿಡಿಯಲೇಬೇಕು" ಎಂದುಕೊಂಡು ನೀವು ಗೇಟು ದಾಟಿದರೆ ನಿಮ್ಮ ಭುಜವೇ ಅದನ್ನು ಹೇಳಿಬಿಡುತ್ತದೆ.

ಅದಕ್ಕೇ ಕೆಲವು ವಾರ ಹಿಡಿಯುವ ಯೋಚನೆಯನ್ನೇ ಬಿಡಿ. ಬೇಲಿ ಹಾಕಿದ ಜಾಗದಲ್ಲಿ ಅದು ಕಟ್ಟಿಲ್ಲದೆ ಇರಲಿ. ದಿನಕ್ಕೆರಡು ಸಲ ಒಳಗೆ ಹೋಗಿ. ನೇರ ಮುಖದ ಕಡೆಗೆ ಬೇಡ, ಭುಜದ ಕಡೆಗೆ, ಓರೆಯಾಗಿ, ನಿಧಾನ. ಕಿವಿ ನೋಡುತ್ತಿರಿ. ಕತ್ತು ಸೆಟೆದು, ಕಿವಿ ನಿಮ್ಮ ಮೇಲೇ ನೆಟ್ಟಿತು ಅಂದರೆ ಅಲ್ಲೇ ನಿಲ್ಲಿ. ಅದು ಹೊರಡುವುದಕ್ಕೆ ಮುಂಚೆ ನೀವೇ ತಿರುಗಿ ಎರಡು ಹೆಜ್ಜೆ ಹಿಂದೆ ಹೋಗಿ. ಇಡೀ ಕೆಲಸದ ಗುಟ್ಟು ಇಲ್ಲಿದೆ. ಸುಮ್ಮನೆ ನಿಂತರೆ ಈ ಮನುಷ್ಯ ದೂರ ಹೋಗುತ್ತಾನೆ ಎಂದು ಗೊತ್ತಾದ ಕುದುರೆಗೆ ಓಡುವ ಅವಸರ ಇರುವುದಿಲ್ಲ. ಓಡಿದರೆ ಬೆನ್ನು ಹತ್ತಬೇಡಿ. ಹೋಗಲಿ ಬಿಡಿ.

ಮುಟ್ಟುವ ದಿನ ಬಂದಾಗ ಹಣೆ ಸವರಬೇಡಿ. ನಮಗೆ ಅದು ಪ್ರೀತಿ, ಅದಕ್ಕೆ ಕಾಣದ ಜಾಗದಿಂದ ಬರುವ ಕೈ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಜಾಗವನ್ನು ಬೆರಳಿಂದ ಕೆರೆಯಿರಿ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಅಲ್ಲೇ. ಅಲ್ಲಿ ಕೆರೆದರೆ ಎದೆಬಡಿತ ಇಳಿಯುವುದನ್ನು ಅಳೆದು ನೋಡಿದವರಿದ್ದಾರೆ. ಕೆಳತುಟಿ ಜೋತು ಬಿದ್ದರೆ ನಿಮ್ಮ ಬೆರಳು ಸರಿಯಾದ ಜಾಗದಲ್ಲಿದೆ ಎಂದು ತಿಳಿಯಿರಿ. ಆಗಲೇ ಕೈ ತೆಗೆದು ಹೊರಗೆ ಬನ್ನಿ. ಇನ್ನೂ ಬೇಕು ಅನ್ನಿಸಲಿ.

ಹಗ್ಗ ಈ ದಿನಗಳಲ್ಲಿ ಬೇಲಿಯ ಮೇಲೆ ಬಿದ್ದಿರಲಿ, ಅದು ಮೂಸಿ ನೋಡಲಿ. ಆಮೇಲೆ ಕೆರೆಯುವಾಗ ಹೆಗಲ ಮೇಲೆ ಇಟ್ಟು ತೆಗೆಯಿರಿ. ಮುಂದೊಂದು ದಿನ ಕುತ್ತಿಗೆಗೆ ಬಳಸಿ, ತಕ್ಷಣ ಬಿಡಿ. ಹಾಕುವುದಕ್ಕಿಂತ ತೆಗೆಯುವುದನ್ನು ಜಾಸ್ತಿ ಮಾಡಿ. ಬೆಲ್ಲ ಕೊಡಲೇಬೇಕಿದ್ದರೆ ಹಗ್ಗ ತೆಗೆದ ಮೇಲೆ ಕೊಡಿ, ಸಣ್ಣ ಚೂರು ಸಾಕು.

ಇದೆಲ್ಲಕ್ಕೂ ಮೊದಲು ಪಶುವೈದ್ಯರನ್ನು ಕರೆಸಬೇಕಿತ್ತು, ನಾನೇ ಹಿಂದುಮುಂದಾಗಿ ಬರೆದೆ. ಹಲ್ಲು, ಬೆನ್ನು, ಗೊರಸು ತೋರಿಸಿ. ಎಲ್ಲೋ ನೋವಿದ್ದರೆ ನಿಮ್ಮ ತಾಳ್ಮೆ ಏನೂ ಮಾಡುವುದಿಲ್ಲ. ಧನುರ್ವಾಯು ಕುದುರೆಗೆ ಬೇಗ ತಗಲುತ್ತದೆ, ಗಾಯವಾಗಿದ್ದ ಕುದುರೆ ಬೇರೆ, ಚುಚ್ಚುಮದ್ದು ಬಿಡಬೇಡಿ. ಗ್ಲಾಂಡರ್ಸ್ ಇದೆಯೇ ಎಂದು ರಕ್ತವನ್ನೂ ನೋಡಿಸಿ, ಅದು ಮನುಷ್ಯರಿಗೂ ಹರಡುವ ರೋಗ. ಬೆಳೆದ ಗೊರಸನ್ನು ಆರೆಂಟು ವಾರಕ್ಕೊಮ್ಮೆ ಕತ್ತರಿಸಿ ಸರಿ ಮಾಡಿಸಬೇಕು. ಆ ಕೆಲಸ ಮಾಡುವ ನಾಲಬಂದರು ಬಂದಾಗ ಕೂಡಲೇ ಕಾಲು ಎತ್ತಿಸಬೇಡಿ. ಅವರೂ ಒಂದೆರಡು ಸಲ ಸುಮ್ನೆ ಬಂದು ಚಹಾ ಕುಡಿದು ಹೋಗಲಿ.

ಹೊಟ್ಟೆಯ ವಿಷಯ. ಹುರುಳಿ ಒಮ್ಮೆಲೇ ಸುರಿಯಬೇಡಿ. ಕುದುರೆಯ ಜಠರ ಸಣ್ಣದು, ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆಶೂಲೆ ಬಂದರೆ ಜೀವಕ್ಕೇ ಕುತ್ತು. 300 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು 6 ಕಿಲೋ ಒಣ ಮೇವು, ಇಡೀ ದಿನ ಸ್ವಲ್ಪ ಸ್ವಲ್ಪವಾಗಿ. ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಸಿಕ್ಕರೆ ಜೊತೆಗೆ ಒಂದಿಷ್ಟು. ಹಾಗೇ ಒಂದು ಆಡು ತಂದು ಜೊತೆಗೆ ಬಿಡಿ. ಕುದುರೆ ಗುಂಪಿನ ಪ್ರಾಣಿ, ಒಂಟಿಯಾಗಿದ್ದರೆ ರಾತ್ರಿಯೂ ಕಾವಲು ಕಾಯುತ್ತದೆ. ನಿಂತೇ ತೂಕಡಿಸುತ್ತದೆ ನಿಜ, ಆದರೆ ಗಾಢ ನಿದ್ದೆಗೆ ಮಲಗಲೇಬೇಕು. ಭಯವಿದ್ದರೆ ಮಲಗುವುದಿಲ್ಲ.

ಎಷ್ಟು ದಿನ ಅಂದಿರಿ. ನನ್ನಿಂದ ತಾರೀಖು ಸಿಗುವುದಿಲ್ಲ. ಮುಂಜಾನೆ ಹೋದಾಗ ಅದರ ಪಕ್ಕೆಗೆ ಹುಲ್ಲು, ಧೂಳು ಅಂಟಿದೆಯಾ ನೋಡಿ. ಅಂಟಿದ್ದರೆ ರಾತ್ರಿ ಮಲಗಿದೆ ಅಂತ ಅರ್ಥ. ನಾನಾದರೆ ಹಗ್ಗಕ್ಕಿಂತ ಮೊದಲು ಆ ಧೂಳಿಗೆ ಕಾಯುತ್ತೇನೆ.

ಈಗ ನಿಮ್ಮ ಅವ್ವನ ವಿಷಯ. ಅವರು ಕೂತಿರುತ್ತಾರೆ, ಕಣ್ಣು ಮೊರದ ಮೇಲಿರುತ್ತದೆ, ಕೈ ತನ್ನ ಪಾಡಿಗೆ ಜೋಳ ಕೇರುತ್ತಿರುತ್ತದೆ. ಕುದುರೆಯಿಂದ ಅವರಿಗೆ ಏನೂ ಬೇಕಿಲ್ಲ. ಅದು ಬಂದರೂ ಸರಿ, ಹೋದರೂ ಸರಿ. ನೀವು ನಾಲ್ಕು ಪುಟದಲ್ಲಿ ನಿಮ್ಮ ಪ್ರಯತ್ನ ಬರೆದಿದ್ದೀರಿ, ಅವರ ಬಗ್ಗೆ ಒಂದೇ ಸಾಲು. ಮುಂದಿನ ಪತ್ರವನ್ನು ದಯವಿಟ್ಟು ಅವರನ್ನು ಕೇಳಿ ಬರೆಯಿರಿ. ಕುದುರೆ ಬಂದು ನಿಂತಾಗ ಏನು ಮಾತಾಡುತ್ತಾರೆ, ಯಾವ ಕಡೆ ನಿಲ್ಲುತ್ತದೆ, ಕೇರುವ ಸದ್ದಿಗೆ ಬೆದರುವುದಿಲ್ಲವಾ? ಒಂದೆರಡು ದಿನ ನೀವೂ ಅವರ ಪಕ್ಕ ಕೂತು ಜೋಳ ಹಸನು ಮಾಡಿ. ಹಗ್ಗ ಒಳಗಿಟ್ಟು ಬನ್ನಿ.