10 ವರ್ಷದ ಮಗಳಿಗೆ ಡಿಕನ್ಸ್ ಹೇಳಿದ ಇಂಗ್ಲೆಂಡಿನ ಇತಿಹಾಸ: ಪ್ರತಿಕ್ರಿಯೆ

ನಮಸ್ಕಾರ. ಚಾರ್ಲ್ಸ್ ಡಿಕನ್ಸ್ ಮಕ್ಕಳಿಗಾಗಿ ಬರೆದ ಇಂಗ್ಲೆಂಡಿನ ಇತಿಹಾಸವನ್ನು ನಿಮ್ಮ 10 ವರ್ಷದ ಮಗಳಿಗೆ ಪಠ್ಯಪುಸ್ತಕದ ಬದಲು ಓದಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಓದಿಸಿ, ಆದರೆ ಪಠ್ಯದ ಬದಲಿಗಲ್ಲ, ಅದರ ಜೊತೆಗೆ.

1851ರಿಂದ 1853ರವರೆಗೆ ತಮ್ಮದೇ ವಾರಪತ್ರಿಕೆಯಲ್ಲಿ ಕಂತುಗಳಾಗಿ ಪ್ರಕಟಿಸಿದ ಈ ಬರಹದಲ್ಲಿ ಡಿಕನ್ಸ್ ಮೊದಲಿನಿಂದ ಕೊನೆಯವರೆಗೂ ಕಾದಂಬರಿಕಾರರೇ. ಆಲ್ಫ್ರೆಡ್ ದೊರೆ ಹೊತ್ತನ್ನು ಅಳೆಯಲು ಗುರುತು ಮಾಡಿದ ಮೇಣದಬತ್ತಿಗಳನ್ನು ಉರಿಸುತ್ತಿದ್ದುದನ್ನೂ, ಬಾಗಿಲು ಕಿಟಕಿಗಳ ಸಂದಿಯಿಂದ ನುಗ್ಗುವ ಗಾಳಿಗೆ ಅವು ಒಂದೇ ಸಮನೆ ಉರಿಯದಿದ್ದಾಗ ಮರ ಮತ್ತು ಬಿಳಿ ಕೊಂಬಿನ ಗೂಡು ಮಾಡಿಸಿ ಅದರೊಳಗೆ ಇರಿಸಿದ್ದನ್ನೂ ಅವರು ಹೇಳುವ ರೀತಿಗೆ, ಸಾವಿರ ವರ್ಷ ಹಿಂದಿನ ಆ ಅರಮನೆಯ ಗಾಳಿ ನಮ್ಮ ಮುಖಕ್ಕೇ ತಾಗಿದಂತಾಗುತ್ತದೆ. ಇಸವಿಗಳ ಪಟ್ಟಿಯಿಂದ ಯಾವ ಮಗುವಿಗೂ ಇದು ದಕ್ಕುವುದಿಲ್ಲ.

ಆದರೆ ಅದೇ ದೊರೆ ಒಲೆಯ ಮೇಲಿನ ರೊಟ್ಟಿ ಸೀಯಲು ಬಿಟ್ಟ ಪ್ರಸಂಗ ಅವನ ಕಾಲದ ನಂತರ ಹುಟ್ಟಿಕೊಂಡ ದಂತಕಥೆ; ಡಿಕನ್ಸ್ ಅದನ್ನೂ ನಡೆದ ಸಂಗತಿಯಂತೆಯೇ ಹೇಳಿಬಿಡುತ್ತಾರೆ. ಅವರ ಒಲವು ಮತ್ತು ಸಿಟ್ಟು ಎರಡೂ ವಿಪರೀತ. ಎಂಟನೆಯ ಹೆನ್ರಿಯನ್ನು ಅವರು ಮನುಷ್ಯಕುಲಕ್ಕೇ ಕಳಂಕವೆಂದು ಬೈಯುತ್ತಾರೆ. ಪತ್ನಿಯರ ತಲೆ ಕಡಿಸಿದವನ ಮೇಲಿನ ಆ ಕೋಪ ನನಗೆ ನ್ಯಾಯವಾಗಿಯೇ ಕಾಣುತ್ತದೆ, ಆದರೂ ರೋಮಿನ ಪೋಪರ ಚರ್ಚಿನೊಂದಿಗಿನ ಸಂಬಂಧವನ್ನು ಅವನು ಕಡಿದುಕೊಂಡದ್ದರ ರಾಜಕೀಯ ಕಾರಣಗಳನ್ನು ಮಗಳಿಗೆ ನೀವೇ ಬಿಡಿಸಿ ಹೇಳಬೇಕಾಗುತ್ತದೆ. ಮರಣದಂಡನೆಯ ವರ್ಣನೆಗಳು ಅನೇಕ ಕಡೆ ಬರುವುದರಿಂದ ಆ ಅಧ್ಯಾಯಗಳನ್ನು ಮೊದಲು ನೀವು ಓದಿಕೊಳ್ಳಿ. ವಿವರವಾದ ಕಥನ, ಎರಡನೆಯ ಜೇಮ್ಸ್ ದೊರೆ ಪಟ್ಟ ಕಳೆದುಕೊಂಡ 1688ರ ಕ್ರಾಂತಿಯ ಹೊತ್ತಿಗೆ ಮುಗಿಯುತ್ತದೆ. ನಂತರದ ಕಾಲಕ್ಕೆ ಬೇರೆ ಪುಸ್ತಕವನ್ನೇ ಹುಡುಕಬೇಕು.